ಒಂಟೆ ಹೊರಗುಳಿದ ಕೋಟೆ

ಜಾಬರ್ ಕಾಕಾ ಚದುರಂಗದ ಕಾಯಿಗಳನ್ನು ಎಡಗೈಯಿಂದಲೇ ಎತ್ತುತ್ತಿದ್ದರು. ಬಲಗೈ ಬೆರಳುಗಳಿಗೆ ಸದಾ ಮಗ್ಗದ ಎಣ್ಣೆ ಮೆತ್ತಿರುತ್ತಿತ್ತು. ರಬಕವಿಯ ನಮ್ಮ ಓಣಿಯಲ್ಲಿ ವಿದ್ಯುತ್ ಮಗ್ಗಗಳ ರಿಪೇರಿ ಅವರ ಕೆಲಸ; ಆ ಕೆಲಸದವರನ್ನು ಜಾಬರ್ ಅನ್ನುತ್ತಾರೆ. ಹಗಲು ಕರೆಂಟ್ ಹೋಗಿ ಮಗ್ಗಗಳು ನಿಂತವೆಂದರೆ ಶೆಡ್ಡಿನ ಕಟ್ಟೆಗೆ ಚದುರಂಗದ ಹಲಗೆ ಬರುತ್ತಿತ್ತು.

ಅವರು ಕಪ್ಪು ಕಾಯಿಗಳನ್ನೇ ಕೇಳಿ ಪಡೆಯುತ್ತಿದ್ದರು. ಆಟವೂ ಒಂದೇ: ನಡುವೆ ಪ್ಯಾದೆಗಳ ಗೋಡೆ ಕಟ್ಟಿ, ಒಂಟೆಯನ್ನು ಹೊರಗೆ ಕಳಿಸಿ, ಅದರ ಹಿಂದೆ ಇನ್ನೊಂದು ಪ್ಯಾದೆಯಿಂದ ಬಾಗಿಲು ಹಾಕುವುದು. ಓಣಿಯವರು ಅದಕ್ಕೆ ಕಾಕಾನ ಕ್ವಾಟಿ ಅನ್ನುತ್ತಿದ್ದರು. ನನಗೆ ತಿಳಿದಂತೆ ಅದನ್ನು ಯಾರೂ ಒಡೆದಿರಲಿಲ್ಲ.

ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ ಜಮಖಂಡಿಯಲ್ಲಿ ವಿಶ್ವವಿದ್ಯಾಲಯದ ಚದುರಂಗ ತಂಡದ ಆಯ್ಕೆಯಿತ್ತು. ಉಳಿದದ್ದು ಒಂದೇ ಜಾಗ. ಅದಕ್ಕೆ ಮುಧೋಳದ ಹುಡುಗಿಯೊಬ್ಬಳನ್ನು ಸೋಲಿಸಬೇಕಿತ್ತು. ಹಿಂದಿನ ವರ್ಷ ಅವಳಿಗೆ ಸೋತಿದ್ದೆ. ಅವಳು ಆಡುತ್ತಿದ್ದುದೂ ಇದೇ ಕೋಟೆ.

ಕಾಕಾಗೆ ಹೇಳಿದೆ. ಎದ್ದು ಮಗ್ಗದ ಕಡೆ ಹೋದರು. ಮರುದಿನ ಕರೆಂಟ್ ಹೋದಾಗ ತಾವೇ ಕರೆದರು.

"ಕುಂದ್ರು ತಂಗಿ. ಬಿಳಿ ನಿಂದು. ಗ್ವಾಡಿಗೆ ಯಾಕ ತಲಿ ಬಡಕೋತಿ? ಒಂಟಿ ಹೊರಗ ಬಂದೈತಿ, ಅದರ ಬೆನ್ನ ಹತ್ತು. ದಂಡಿ ಪ್ಯಾದಿ ಬಿಡು."

ಬಲ ಅಂಚಿನ ಪ್ಯಾದೆಯನ್ನು ಎರಡು ಮನೆ ನಡೆಸಿದೆ. ಅವರು ಎಂದಿನಂತೆ ಬಾಗಿಲು ಹಾಕಿದರು.

"ಈಗ ಅದರ ಬಾಜೂದು ದಬ್ಬು."

ಆ ಬದಿಯ ಮೂರು ಪ್ಯಾದೆಗಳು ಒಂದರ ಹಿಂದೊಂದು ನುಗ್ಗಿದವು. ಒಂಟೆ ಎರಡು ಸಲ ತಪ್ಪಿಸಿಕೊಂಡಿತು. ಮೂರನೆಯ ಸಲ ಹೋಗಲು ಮನೆಯಿರಲಿಲ್ಲ. ಹಿಂದಿನ ದಾರಿಗೆ ಕಾಕಾನದೇ ಪ್ಯಾದೆ ಅಡ್ಡವಿತ್ತು.

ನೋಡುತ್ತಿದ್ದ ಪಕ್ಕದ ಶೆಡ್ಡಿನ ನೇಕಾರ ಎದ್ದು ನಿಂತ. "ಕಾಕಾ, ನಿಮ್ಮ ಕ್ವಾಟಿ ನೀವ ಕೆಡವಾಕತ್ತೀರಲ್ರೀ! ನಾಳಿ ನಾವೆಲ್ಲಾ ಇದನ್ನ ಆಡ್ತೀವಿ, ನೋಡ್ರಿ ಮತ್ತ."

"ಆಡ್ರಲೇ. ಆಕಿ ಜಮಖಂಡಿಗೆ ಹೊಂಟಾಳ. ನಾ ಎಲ್ಲಿ ಹೊಂಟೇನಿ?"

ಜಮಖಂಡಿಯಲ್ಲಿ ಮುಧೋಳದ ಹುಡುಗಿ ನಾಲ್ಕನೆಯ ನಡೆಗೇ ಬಾಗಿಲು ಹಾಕಿದಳು. ಒಂಟೆ ಸಿಕ್ಕಿತು, ಆಟ ಸಿಕ್ಕಿತು, ತಂಡದಲ್ಲಿ ಜಾಗವೂ ಸಿಕ್ಕಿತು.

ಊರಿಗೆ ಬಂದಾಗ ಕಾಕಾ ಕಟ್ಟೆಯ ಮೇಲೆ ಅದೇ ನೇಕಾರನಿಗೆ ಸೋಲುತ್ತಿದ್ದರು. ಅವನು ಗೆದ್ದ ಖುಷಿಗೆ ಎಲ್ಲರಿಗೂ ಚಹಾ ಹೇಳಿದ. "ಕ್ವಾಟಿ ಬಿತ್ರೆಪಾ! ಜಾಬರ್ ಕಾಕಾ ಚಿತ್!" ಎಂದು ಕೂಗಿದ. ಕಾಕಾ ತಾವೂ ಒಂದು ಕಪ್ ಇಸಿದುಕೊಂಡರು.

ಕಾಕಾ ತಮ್ಮ ಅಂಚಿನ ಪ್ಯಾದೆಯನ್ನು ಮೊದಲೇ ಒಂದು ಮನೆ ಸರಿಸಿದ್ದರೆ ಒಂಟೆಗೆ ಅಡಗಲು ಜಾಗ ಆಗುತ್ತಿತ್ತು. ಅಷ್ಟು ಹೊತ್ತಿಗೆ ಅದು ನನಗೂ ತಿಳಿದಿತ್ತು. ಮೆಲ್ಲಗೆ ಹೇಳಿದೆ.

"ಗೊತ್ತೈತಿ ತಂಗಿ," ಎಂದರು. "ಇಷ್ಟು ವರ್ಷ ಬರೇ ಸೋತಾರ. ನಾಕ ದಿನ ಅವರೂ ಗೆಲ್ಲಲಿ ಬಿಡು."

ಆಮೇಲೆ ಅವರು ಹಲವು ವರ್ಷ ಬದುಕಿದ್ದರು. ತೀರಿಕೊಳ್ಳುವವರೆಗೂ ಆ ಪ್ಯಾದೆಯನ್ನು ಸರಿಸಲಿಲ್ಲ.