ಮಾತ್ರೆ ನಿಲ್ಲಿಸುವ ಆತುರ

ಮೇಡಂ ಅವರ ಕನ್ನಡಕದ ಒಂದು ಕಾಲು ಮುರಿದಿತ್ತು. ಆಪರೇಷನ್ ಥಿಯೇಟರಿನಲ್ಲಿ ಹೊಲಿಗೆ ಹಾಕುವ ಕಪ್ಪು ರೇಷ್ಮೆ ನೂಲಿನಿಂದ ಅದನ್ನು ಸುತ್ತಿ ಕಟ್ಟಿಕೊಂಡಿದ್ದರು. ನಾನು ಕಂಡಷ್ಟು ವರ್ಷಗಳಲ್ಲಿ ನೂಲು ಎರಡು ಮೂರು ಸಲ ಬದಲಾಯಿತೇ ಹೊರತು ಕನ್ನಡಕ ಬದಲಾಗಲಿಲ್ಲ. ಗಂಟಿನ ತುದಿ ಕಿವಿಯ ಹತ್ತಿರ ಬೆಕ್ಕಿನ ಮೀಸೆಯ ಹಾಗೆ ಚಾಚಿಕೊಂಡಿರುತ್ತಿತ್ತು. ಮೊದಲ ದಿನ ನಾನು ಅವರ ಪಾಠ ಕೇಳಿದ್ದಕ್ಕಿಂತ ಆ ಗಂಟು ನೋಡಿದ್ದೇ ಹೆಚ್ಚು.

ಅವರು ಮನೋವೈದ್ಯೆ. ಮಣಿಪಾಲದಲ್ಲಿ ಬಹುಕಾಲ ಕಲಿಸಿ ನಿವೃತ್ತರಾದ ಮೇಲೆ ಉಡುಪಿಯ ಒಂದು ಸಣ್ಣ ಚಿಕಿತ್ಸಾ ಕೇಂದ್ರದಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಭಾನುವಾರ ಬಂದರೆ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿ, ಒಮ್ಮೆ ಕಾಪುವಿಗೆ, ಒಮ್ಮೆ ಕಾರ್ಕಳಕ್ಕೆ ಬಸ್ಸು ಹತ್ತುವರು. ನಮ್ಮಂಥ ಊರ ಡಾಕ್ಟರುಗಳನ್ನು ಶಾಲೆಯ ಬೆಂಚಿನಲ್ಲಿ ಕೂರಿಸಿ, ನೋವಿನ ಇಂಜೆಕ್ಷನ್, ಕೆಮ್ಮಿನ ಸಿರಪ್, ಬ್ರೌನ್ ಶುಗರ್ ಇವುಗಳಿಗೆ ಅಂಟಿಕೊಂಡವರಿಗೆ ಚಿಕಿತ್ಸೆ ಕೊಡುವುದನ್ನು ಕಲಿಸುವರು. ಯಾರೂ ಅವರಿಗೆ ಹೇಳಿ ಮಾಡಿಸಿದ ಕೆಲಸವಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಹತ್ತು ಹನ್ನೆರಡು ಮಂದಿ ಹೋಗುತ್ತಿದ್ದೆವು, ಅರ್ಧ ಜನ ಬರೀ ದಾಕ್ಷಿಣ್ಯಕ್ಕೆ. ನಾನೂ ಆ ಅರ್ಧದಲ್ಲಿದ್ದೆ.

ಕಾಪುವಿನಲ್ಲಿ ನನಗೆ ಸೂಜಿ ಡಾಕ್ಟ್ರು ಎಂದು ಹೆಸರಿತ್ತು. ಜ್ವರವಿರಲಿ, ಸೊಂಟನೋವಿರಲಿ, ಚುಚ್ಚದೆ ಕಳಿಸಿದರೆ ಜನಕ್ಕೆ ಸಮಾಧಾನವಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ.

ಮೇಡಂ ಪಾಠ ಶುರು ಮಾಡುವ ರೀತಿಯೇ ಬೇರೆ. "ನೀವು ಗುಣ ಮಾಡಿದವರ ಕತೆ ನನಗೆ ಬೇಡ. ಬೈದು ಓಡಿಸಿದವರು ಯಾರಾದ್ರೂ ಇದ್ರೆ ಹೇಳಿ" ಎನ್ನುವರು. ಒಂದೊಂದು ಬೆಂಚಿನಿಂದ ಒಬ್ಬೊಬ್ಬರು ಹೇಳಲೇಬೇಕು. ಯಾರೋ ಒಬ್ಬರು ಚಟದವ ಎಂದು ಬಾಯಿ ತೆರೆದರೆ ಅಲ್ಲಿಯೇ ತಡೆಯುವರು. "ಸಕ್ಕರೆ ಕಾಯಿಲೆಯವರಿಗೆ ಎಂತ ಹೇಳ್ತೀರಿ ನೀವು? ಪಾಯಸದ ಚಟದವರು ಅಂತಲಾ?" ಕೋಪ ಬಂದಷ್ಟೂ ಅವರ ಮಾತಿನಲ್ಲಿ ಮರ್ಯಾದೆ ಹೆಚ್ಚುತ್ತಿತ್ತು. ಡಾಕ್ಟರ್ ಮಹಾಶಯರೇ ಎಂದು ಕರೆದರೆ ಆವತ್ತು ನಮ್ಮ ಗ್ರಹಚಾರ ಕೆಟ್ಟಿತು ಎಂದೇ ಅರ್ಥ.

ನನ್ನ ಸರದಿ ಬಂದಾಗ ಬಸವರಾಜನ ವಿಷಯ ಹೇಳಿದೆ. ಅವನ ನಿಜವಾದ ಹೆಸರು ಇದಲ್ಲ. ಬಾಗಲಕೋಟೆ ಕಡೆಯವನು, ಟೈಲ್ಸ್ ಹಾಕುವ ಕೆಲಸ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಉದ್ಯಾವರದ ಒಂದು ಶೆಡ್ಡಿನಲ್ಲಿ ಜೊತೆಗಾರರೊಂದಿಗೆ ಇದ್ದ. ಕಿಡ್ನಿ ಕಲ್ಲಿನ ನೋವೆಂದು ಹೊರಳಾಡುತ್ತ ಬಂದಿದ್ದ. ಬಲವಾದ ನೋವಿನ ಇಂಜೆಕ್ಷನ್ ಕೊಟ್ಟೆ. ಮರುದಿನವೂ ಕೊಟ್ಟೆ. ಕಲ್ಲು ಹೋದ ಮೇಲೂ ಅವನು ಬರುವುದು ನಿಲ್ಲಲಿಲ್ಲ. "ತಡಕೊಳ್ಳಾಕ ಆಗವಲ್ದ್ರಿ ಸಾಹೇಬ್ರ, ಇದೊಂದ್ಸಲ ಹಾಕ್ರಿ" ಎನ್ನುವನು. ತಿಂಗಳುಗಟ್ಟಲೆ ಹಾಕಿದೆ. ಕೊನೆಗೊಂದು ದಿನ ರೇಗಿ ಎಲ್ಲರೆದುರು ಬೈದು ಹೊರಗೆ ಹಾಕಿದೆ.

"ಅವನದ್ದು ಬರೀ ನಾಟಕ, ಮೇಡಂ" ಎಂದು ಮುಗಿಸಿದೆ.

"ಆವತ್ತು ಅವ ಆಕಳಿಸ್ತಾ ಇದ್ದನಾ?"

ಆಕಳಿಸುತ್ತಿದ್ದ. ಮೂಗು ಒರೆಸಿಕೊಳ್ಳುತ್ತಿದ್ದ. ಏಪ್ರಿಲಿನ ಸೆಕೆಯಲ್ಲಿ ಅವನ ತೋಳಿನ ರೋಮವೆಲ್ಲ ನಿಮಿರಿ ನಿಂತಿದ್ದದ್ದೂ ನೆನಪಾಯಿತು. ಹೇಳಿದೆ.

"ಯಕ್ಷಗಾನದಲ್ಲಿ ದೊಡ್ಡ ದೊಡ್ಡ ವೇಷಧಾರಿಗಳು ಕಣ್ಣೀರು ಹಾಕ್ತಾರೆ ಮಾರಾಯ್ರೆ. ಬೇಕೆಂದಾಗ ರೋಮ ನಿಲ್ಲಿಸ್ಲಿಕ್ಕೆ ಅವರಿಗೂ ಆಗುದಿಲ್ಲ. ಅದು ಮದ್ದು ಸಿಗದೆ ಮೈ ಒದ್ದಾಡುದು. ಅಭ್ಯಾಸ ಮಾಡಿಸಿದ್ದು ನೀವು, ಬೈದು ಕಳಿಸಿದ್ದೂ ನೀವು. ನಾಳೆ ಹೋಗಿ ಕರ್ಕೊಂಡು ಬನ್ನಿ."

ಹೋದೆ. ನನ್ನ ಸ್ಕೂಟರ್ ಕಂಡು ಪೊಲೀಸರು ಹಿಂದೆ ಇದ್ದಾರೆಂದುಕೊಂಡು ಅವನು ಶೆಡ್ಡಿನ ಹಿಂದೆ ಅಡಗಿದ. ನಾನು ಸೂಜಿ ನಿಲ್ಲಿಸಿದ ಮೇಲೆ ಹೆದ್ದಾರಿಯಲ್ಲಿ ಯಾರೋ ಲಾರಿಯವರು ಕೊಡುವ ಬ್ರೌನ್ ಶುಗರಿಗೆ ಇಳಿದಿದ್ದ. ಉಡುಪಿಗೆ ಕರೆದುಕೊಂಡು ಹೋದೆ. ಮೈಯ ಒದ್ದಾಟವನ್ನೂ ಮದ್ದಿನ ಆಸೆಯನ್ನೂ ತಡೆಯುವ, ನಾಲಿಗೆಯ ಅಡಿಯಲ್ಲಿ ಇಟ್ಟು ಕರಗಿಸುವ ಮಾತ್ರೆಯನ್ನು ಮೇಡಂ ಶುರು ಮಾಡಿದರು. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಮಾತ್ರೆ ತರುವುದು, ನಡುವೆ ನನಗೆ ತೋರಿಸಿಕೊಳ್ಳುವುದು ಎಂದಾಯಿತು. ಎರಡು ವಾರದಲ್ಲಿ ಮನುಷ್ಯ ನೆಟ್ಟಗೆ ಕೂತ. "ಊಟ ರುಚಿ ಹತ್ತಾಕತ್ತೇತ್ರಿ" ಎಂದ ದಿನ ನನಗೆ ಆದ ಸಂತೋಷ ಸಣ್ಣದಲ್ಲ. ಮತ್ತೆ ಕೆಲಸಕ್ಕೆ ಹೋದ. ಅವನು ಟೈಲ್ಸ್ ಹಾಕಿದ ನೆಲ ಒಂದು ಚೂರೂ ಏರುಪೇರಿಲ್ಲ ಎಂದು ಮೇಸ್ತ್ರಿ ಹೊಗಳುತ್ತಿದ್ದ.

ಎಂಟು ತಿಂಗಳು ಹೀಗೆ ನಡೆಯಿತು. ಆಮೇಲೆ ನನ್ನ ತಲೆಗೆ ಹುಳ ಹೊಕ್ಕಿತು. ಮಾತ್ರೆ ತಿನ್ನುತ್ತಿರುವವನು ಗುಣವಾದವನು ಹೇಗಾದಾನು? ಪೂರ್ತಿ ಬಿಡಿಸಿ, ಮುಂದಿನ ಪಾಠದಲ್ಲಿ ಎದ್ದು ನಿಂತು ಹೇಳಬೇಕು ಎಂಬ ಆಸೆ. ಮೇಡಂ ಅವರನ್ನು ಕೇಳಲಿಲ್ಲ, ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು. ಇನ್ನು ಉಡುಪಿಗೆ ಹೋಗಬೇಡ, ಮಾತ್ರೆ ಸಾಕು ಎಂದು ಅವನಿಗೆ ಹೇಳಿದೆ.

"ಮತ್ತ ಆಸೆ ಬಂದ್ರ ಏನ್ ಮಾಡ್ಲಿರಿ ಸಾಹೇಬ್ರ?"

"ಮನಸ್ಸು ಗಟ್ಟಿ ಮಾಡು" ಎಂದೆ. ಅವನು ನನ್ನನ್ನು ನಂಬಿದ.

ಐದು ವಾರವೂ ಆಗಿರಲಿಲ್ಲ. ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹೊತ್ತಿಗೆ ಮೇಸ್ತ್ರಿ ಮೆಟ್ಟಿಲ ಮೇಲೆ ಕೂತಿದ್ದ. "ಬಸವರಾಜ ಹೋದ, ಡಾಕ್ಟ್ರೇ" ಎಂದ. ಬ್ರೌನ್ ಶುಗರನ್ನು ಮೊದಲು ತೆಗೆದುಕೊಳ್ಳುತ್ತಿದ್ದಷ್ಟೇ ತೆಗೆದುಕೊಂಡಿದ್ದನಂತೆ. ಮೈಗೆ ಅಷ್ಟನ್ನು ತಡೆದುಕೊಳ್ಳುವ ಅಭ್ಯಾಸ ಹೋಗಿಬಿಟ್ಟಿತ್ತು. ಹಾಗಾಗುತ್ತದೆ ಎಂದು ಮೇಡಂ ಎರಡು ಪಾಠಗಳಲ್ಲಿ ಹೇಳಿದ್ದರು. ನಾನು ಅದನ್ನು ಬರೆದೂ ಇಟ್ಟುಕೊಂಡಿದ್ದೆ.

ಅಂದೇ ಉಡುಪಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಲ್ಲಿಸಿ ಅಂತ ಅವನೇ ಕೇಳಿದ್ನಾ?"

"ಇಲ್ಲ."

"ಹಾಗಾದ್ರೆ ಆತುರ ಯಾರದ್ದು?"

"ನನ್ನದು."

"ಬರುವ ಭಾನುವಾರ ಕಾರ್ಕಳದಲ್ಲಿ ಪಾಠ ಉಂಟು. ನಾನು ಮಾಡುದಿಲ್ಲ, ನೀವು ಮಾಡಿ. ಇದನ್ನೇ ಹೇಳಿ."

"ನನ್ನಿಂದ ಆಗುದಿಲ್ಲ ಮೇಡಂ. ಅಲ್ಲಿ ಎಲ್ಲರೂ ಗುರುತಿನವರು."

"ಅದಕ್ಕೇ ಹೇಳಿ ಅನ್ನುದು. ಅಳುದಾದ್ರೆ ಇಲ್ಲಿಯೇ ಅತ್ತು ಮುಗಿಸಿ. ಅಲ್ಲಿ ಅತ್ರೆ ಅವರು ನಿಮ್ಮನ್ನು ಸಮಾಧಾನ ಮಾಡ್ಲಿಕ್ಕೆ ಶುರು ಮಾಡ್ತಾರೆ, ಪಾಠ ಹಾಳಾಗ್ತದೆ."

ಅಲ್ಲಿಯೇ ಅತ್ತೆ. ಅವರು ತಡೆಯಲೂ ಇಲ್ಲ, ಎದ್ದು ಹೋಗಲೂ ಇಲ್ಲ.

ಕಾರ್ಕಳದಲ್ಲಿ, ಮೇಡಂ ಹಿಂದಿನ ಬೆಂಚಿನಲ್ಲಿ ಕೂತಿರುವಾಗ, ಹೇಗೋ ಹೇಳಿ ಮುಗಿಸಿದೆ. ನನಗಿಂತ ಹಿರಿಯ ಡಾಕ್ಟರೊಬ್ಬರು ನಡುವಿನಲ್ಲಿಯೇ ಎದ್ದು ಹೊರಗೆ ಹೋಗಿದ್ದರು. ನನ್ನ ಮುಖ ನೋಡಲು ಹೇಸಿ ಹೋದರು ಎಂದೇ ನಾನು ತಿಳಿದೆ. ಕಾಲು ಗಂಟೆ ಬಿಟ್ಟು ಬೆವರು ಒರೆಸಿಕೊಳ್ಳುತ್ತ ವಾಪಸು ಬಂದರು.

"ಎಸ್‌ಟಿಡಿ ಬೂತಿಗೆ ಹೋಗಿದ್ದೆ ಮೇಡಂ. ನಿಮ್ಮಲ್ಲಿಗೆ ಬರುವ ಆ ಕಾಲೇಜು ಹುಡುಗಿಗೆ ಶುಕ್ರವಾರ ನಾನೂ ಮಾತ್ರೆ ಸಾಕು ಅಂತ ಹೇಳಿದ್ದೆ. ಅವಳ ಅಪ್ಪನತ್ರ ಮಾತಾಡಿದೆ. ನಾಳೆ ಕರ್ಕೊಂಡು ಬರ್ತಾರಂತೆ."

"ನಾಳೆ ಎಂತಕ್ಕೆ? ಇವತ್ತೇ ಬರ್ಲಿಕ್ಕೆ ಹೇಳಿ. ನಾನು ಕೂತಿರ್ತೇನೆ."

ಎರಡು ಬಸ್ಸು ಬಿಟ್ಟು ಕೂತರು. ಮೂರು ಗಂಟೆಯ ಹೊತ್ತಿಗೆ ಅಪ್ಪನೊಂದಿಗೆ ಹುಡುಗಿ ಬಂದಳು. ಜಗಲಿಯ ತುದಿಯಲ್ಲಿ ಅವಳ ಪಕ್ಕ ಕೂತು ಮೇಡಂ ಅರ್ಧ ಗಂಟೆ ಮಾತಾಡಿದರು, ಹೆಚ್ಚು ಮಾತಾಡಿದ್ದು ಹುಡುಗಿಯೇ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಾಠದ ಬಗ್ಗೆ ಅವರು ಹೇಳಿದ್ದು ಒಂದೇ ಮಾತು. "ಮುಂದಿನ ಸಲ ಸ್ವರ ಸ್ವಲ್ಪ ಜೋರು ಮಾಡಿ. ಹಿಂದಿನ ಬೆಂಚಿಗೆ ಕೇಳ್ತಾ ಇರ್ಲಿಲ್ಲ."

ಮುಂದಿನ ಸಲವೂ ಇತ್ತು, ಅದರ ಮುಂದಿನ ಸಲವೂ ಇತ್ತು. ಅವರಿಗೆ ಬಸ್ಸು ಹತ್ತಲು ಆಗದಂತಾದ ಮೇಲೆ ಭಾನುವಾರಗಳು ನನ್ನ ಪಾಲಿಗೆ ಬಂದವು. ಕೆಲವು ವರ್ಷ ಕಳೆದು, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಣಿಪಾಲದ ಅವರ ಮನೆಯಂಗಳದಲ್ಲಿ ಕಾರ್ಕಳದ ಆ ಹಿರಿಯ ಡಾಕ್ಟರು ನನ್ನ ಪಕ್ಕದಲ್ಲಿ ನಿಂತಿದ್ದರು. ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ.

"ಚೆನ್ನಾಗಿದ್ದಾಳೆ. ಮೂರು ವರ್ಷ ಮಾತ್ರೆ ತಗೊಂಡ್ಲು. ಅವಳೇ ಸಾಕು ಅಂದ ಮೇಲೆ ಮೇಡಂ ನಿಧಾನ ಇಳಿಸಿದ್ದು" ಎಂದರು.

ಸಾಲಿನಲ್ಲಿ ಹೋಗಿ ಮೇಡಂ ಅವರ ಕಾಲು ಮುಟ್ಟಿ ಬಂದೆ. ಬಸವರಾಜನ ಮನೆಯವರ ಎದುರೂ ಒಮ್ಮೆ ಹೋಗಿ ನಿಲ್ಲಬೇಕು ಎಂದು ಅಂದು ಗಟ್ಟಿಯಾಗಿ ಅನ್ನಿಸಿತು. ಎಲ್ಲಿಗೆ ಹೋಗಲಿ? ಅಷ್ಟು ತಿಂಗಳು ಅವನ ತೋಳಿಗೆ ಸೂಜಿ ಚುಚ್ಚಿದ ನಾನು ಬಾಗಲಕೋಟೆ ಕಡೆಯ ಯಾವ ಊರು ಅವನದೆಂದು ಒಂದು ದಿನವೂ ಕೇಳಿರಲಿಲ್ಲ.