ಮೊಳೆ ಹೊಡೆಯದ ಬಡಗಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ದಾರದ ಗೋದಾಮಿನ ಮೂರನೇ ಮಹಡಿಯಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕೂತು ಗೋಡೆ ಬಿಚ್ಚುತ್ತಿದ್ದಾರೆ. ಹೌದು, ಒಡೆಯುತ್ತಿಲ್ಲ, ಬಿಚ್ಚುತ್ತಿದ್ದಾರೆ. ಒಂದೊಂದೇ ಸ್ಕ್ರೂ ಹೊರಬಂದು ಡಬ್ಬಿಗೆ ಬೀಳುತ್ತದೆ. ಹಲಗೆ ಸಡಿಲವಾದ ಮೇಲೆ ಅದರ ಬೆನ್ನಿಗೆ ಪೆನ್ಸಿಲಿನಿಂದ ಗುರುತು ಹಾಕಿ, "ಹಿಡ್ಕೊಳ್ಳೋ, ನಿದ್ದೆ ಆಮೇಲೆ ಮಾಡುವಿಯಂತೆ" ಎಂದು ತಮ್ಮನನ್ನು ಗದರುತ್ತಾರೆ. ಲಾರಿ ಓಡಿಸುವ ತಮ್ಮ ಆಕಳಿಸುತ್ತಲೇ ಹೆಗಲು ಕೊಡುತ್ತಾನೆ.

ಇಲ್ಲಿ ಎಲ್ಲರಿಗೂ ಅವರು ಗೋಡೆಯಕ್ಕ. ಈ ಮಹಡಿಯ ಏಳು ಪುಟ್ಟ ಸ್ಟಾರ್ಟಪ್‌ಗಳ ಕೋಣೆಗಳನ್ನೂ ಹಲಗೆಯಲ್ಲಿ ಕಟ್ಟಿಕೊಟ್ಟ ಬಡಗಿ. ಸ್ಟಾರ್ಟಪ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದಿದೆ, ವೇದಿಕೆಯ ಮೇಲೆ ಭಾಷಣಗಳೂ ಆಗಿವೆ. ಗೋಡೆಯ ಬಗ್ಗೆ ಯಾರು ಬರೆಯುತ್ತಾರೆ?

ಅಪ್ಪ ಬೀರು ಮಾಡುತ್ತಿದ್ದರು, ಮಗಳಿಗೂ ಅದೇ ಕೈ ಬಂತು. ಆಕೆ ಕೆಲಸಕ್ಕಿದ್ದ ಮರಗೆಲಸದ ಅಂಗಡಿ ಬಾಡಿಗೆ ತಾಳಲಾರದೆ ಬಾಗಿಲು ಹಾಕಿತು. ಚೀಲ ಹೆಗಲಿಗೇರಿಸಿ ಈ ಬೀದಿಗೆ ಬಂದಾಗ ಇಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಸುಳಿಯುತ್ತಿರಲಿಲ್ಲ. ಬಾಡಿಗೆ ಅಗ್ಗ ಎಂಬ ಒಂದೇ ಕಾರಣಕ್ಕೆ ಲ್ಯಾಪ್‌ಟಾಪ್ ಹಿಡಿದ ಹುಡುಗ ಹುಡುಗಿಯರು ಬಂದರು. ನೆಲಕ್ಕಾಗಲಿ ಕಂಬಕ್ಕಾಗಲಿ ಮೊಳೆ ಬೀಳಕೂಡದೆಂದು ಮಾಲೀಕ ಷರತ್ತು ಹಾಕಿದ. "ಸರಿ ಸ್ವಾಮಿ, ಬೇಕಾದಾಗ ನಿಲ್ಲೋ, ಬೇಡವಾದಾಗ ನಡೆಯೋ ಗೋಡೆ ಮಾಡ್ತೀನಿ ಅಂದೆ" ಎಂದು ಅಕ್ಕ ನಗುತ್ತಾರೆ.

ಒಬ್ಬರ ಸದ್ದು ಇನ್ನೊಬ್ಬರಿಗೆ ಕೇಳಬಾರದೆಂದು ಆಗ ಎಲ್ಲರದೂ ಒಂದೇ ಹಟ. ಅಕ್ಕನಿಗೂ ಕೈಚಳಕ ತೋರಿಸುವ ಹುಮ್ಮಸ್ಸು. ಸೂರಿನವರೆಗೆ ಎತ್ತಿ, ಒಳಗೆ ಹತ್ತಿ ತುಂಬಿ ಕಟ್ಟಿದರು. ವರ್ಷ ಕಳೆಯುವಷ್ಟರಲ್ಲಿ ಅಕ್ಕಪಕ್ಕದ ಎರಡು ಕೋಣೆಯವರು ಒಬ್ಬರಿಗೊಬ್ಬರು ತಿಳಿಯದೆ ಒಂದೇ ಆಪ್ ತಯಾರಿಸುತ್ತಿದ್ದದ್ದು ಬಯಲಾಯಿತು! "ತಪ್ಪು ನನ್ನದೂ ಇತ್ತು. ಅಷ್ಟು ಚೆನ್ನಾಗಿ ಕಟ್ಟಬಾರದಿತ್ತು" ಎನ್ನುತ್ತಾರೆ ಅಕ್ಕ. ಎಲ್ಲರನ್ನೂ ಒಪ್ಪಿಸಿ, ಗರಗಸ ಹಿಡಿದು ಗೋಡೆಗಳನ್ನು ಎದೆಮಟ್ಟಕ್ಕೆ ಇಳಿಸಿದರು. ಅಲ್ಲಿಂದಾಚೆಗೆ ಚಾರ್ಜರ್, ಗಿರಾಕಿ, ಬೈಗುಳ ಎಲ್ಲವೂ ಗೋಡೆ ದಾಟತೊಡಗಿದವು.

ಬೀದಿಗೆ ಕಳೆ ಬಂತು. ಬಂದದ್ದೇ ತಡ, ಬಾಡಿಗೆ ಗಗನಕ್ಕೇರಿತು. ಈಗ ದೊಡ್ಡ ಕಂಪನಿಯೊಂದು ಇಡೀ ಕಟ್ಟಡವನ್ನೇ ಬಾಡಿಗೆಗೆ ಹಿಡಿದಿದೆ. ಇಲ್ಲಿನ ಲವಲವಿಕೆಯ ವಾತಾವರಣ ಅದಕ್ಕೆ ತುಂಬ ಹಿಡಿಸಿತಂತೆ. ಆ ವಾತಾವರಣ ಹುಟ್ಟಿಸಿದವರು ಮಾತ್ರ ತಿಂಗಳ ಕೊನೆಗೆ ಜಾಗ ಖಾಲಿ ಮಾಡಬೇಕು. ಇದನ್ನು ಬರೆಯುವಾಗ ನನಗೆ ಮೈ ಉರಿಯುತ್ತದೆ. ಅಕ್ಕನಿಗೆ ಉರಿದುಕೊಳ್ಳಲೂ ಪುರುಸೊತ್ತಿಲ್ಲ.

ರೈಲು ಹಳಿಯಾಚೆ ಮುಚ್ಚಿಹೋದ ಐಸ್ ಫ್ಯಾಕ್ಟರಿಯೊಂದನ್ನು ಹುಡುಕಿದ್ದು ಅವರೇ. ಅದರ ಒಡತಿ ಕೊಟ್ಟರೆ ಏಳೂ ತಂಡಕ್ಕೆ ಒಟ್ಟಿಗೆ ಕೊಡುತ್ತಾರೆ, ಬಿಡಿಬಿಡಿಯಾಗಿ ಇಲ್ಲ. ಒಬ್ಬರು ಕೈಕೊಟ್ಟರೂ ಉಳಿದವರು ಊರಿನ ಮೂಲೆ ಮೂಲೆಗೆ ಚದುರಬೇಕು. ಆರು ತಂಡ ಒಪ್ಪಿವೆ. ಏಳನೆಯದು ಕಿವಿ ಮಂದವಾದವರಿಗೆ ಸಾಧನ ತಯಾರಿಸುವ ಹುಡುಗಿಯದು. ಒಂದು ವರ್ಷ ಬಾಡಿಗೆಯೇ ಬೇಡವೆಂದು ದೂರದ ಗಾಜಿನ ಕಟ್ಟಡವೊಂದು ಆಕೆಯನ್ನು ಕರೆಯುತ್ತಿದೆ. ಒಡತಿಗೆ ಇವತ್ತು ಸಂಜೆಯೊಳಗೆ ಉತ್ತರ ಕೊಡಬೇಕು.

"ಬಾ ತಾಯಿ ಅಂತ ನಾನು ಕಾಲು ಹಿಡಿಯಲ್ಲ. ಅವಳ ಕೋಣೇನೇ ಮೊದಲು ನಿಲ್ಲಿಸ್ತೀನಿ, ಬಂದು ನೋಡ್ಲಿ" ಎನ್ನುತ್ತಾರೆ ಅಕ್ಕ. ಕರಾರೇ ಆಗದೆ ಹೇಗೆ ಎಂದರೆ, "ಅಳತೆ ನೋಡೋಕೆ ಅಂತ ಕೀಲಿ ಇಸ್ಕೊಂಡಿದೀನಿ. ಗೋಡೆ ನಿಲ್ಲಿಸಿ ನೋಡೋದೂ ಅಳತೇನೇ ಅಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಐಸ್ ಫ್ಯಾಕ್ಟರಿಯ ಖಾಲಿ ನೆಲದ ಮೇಲೆ ಒಂದೇ ಒಂದು ಕೋಣೆ ನಿಂತಿದೆ. ಹುಡುಗಿ ಬಂದು ಅದರ ಸುತ್ತ ಒಂದು ಸುತ್ತು ಹಾಕುತ್ತಾಳೆ. ಗೋಡೆಯ ಮೇಲಂಚಿನಲ್ಲಿ ಒಂದು ಕಡೆ ಪಾಲಿಶ್ ಸವೆದಿದೆ. ಪಕ್ಕದ ಕೋಣೆಯವನೊಂದಿಗೆ ಹರಟುವಾಗ ಆಕೆ ಮೊಣಕೈ ಊರುತ್ತಿದ್ದ ಜಾಗ ಅದು. ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆಕೆಯ ಮೊದಲ ಸಾಧನವನ್ನು ಕಿವಿಗೆ ಹಾಕಿಕೊಂಡು ನೋಡಿದವರು ಆ ಪಕ್ಕದವನ ಸೋದರತ್ತೆ.

"ಗಾಜಿನ ಕಟ್ಟಡದಲ್ಲಿ ಯಾರ ಅತ್ತೆನ ಕೇಳ್ಲಿ ನಾನು?" ಎನ್ನುತ್ತಾಳೆ ತನಗೆ ತಾನೇ. ಆಮೇಲೆ ಅಕ್ಕನ ತಮ್ಮನ ಕಡೆ ತಿರುಗಿ, "ನನ್ನ ಕುರ್ಚಿ ಯಾವಾಗ ತರ್ತೀರಾ?"

"ಲಾರೀಲೇ ಇದೆ. ಅಕ್ಕ ಬೆಳಿಗ್ಗೆನೇ ಹೇರಿಸಿದ್ರು."

ಅಕ್ಕ ತಲೆ ಎತ್ತುವುದಿಲ್ಲ. ಮುಂದಿನ ಹಲಗೆಯ ಗುರುತು ಹುಡುಕುತ್ತಿದ್ದಾರೆ, ಆದರೆ ನಗು ಮುಚ್ಚಿಟ್ಟುಕೊಳ್ಳಲು ಆಗುತ್ತಿಲ್ಲ. ಹೊರಡುವ ಮುಂಚೆ, ನಿಮಗೇನು ಆಸೆ ಎಂದು ಕೇಳುತ್ತೇನೆ. ಅವರು ಚೀಲದ ತಳಕ್ಕೆ ಕೈ ಹಾಕಿ ಬಟ್ಟೆಯಲ್ಲಿ ಸುತ್ತಿದ ಸುತ್ತಿಗೆಯೊಂದನ್ನು ತೆಗೆಯುತ್ತಾರೆ. ಅಪ್ಪನದು.

"ಇಷ್ಟು ವರ್ಷ ಬರೀ ಸ್ಕ್ರೂ ತಿರುಗಿಸಿದ್ದೇ ಆಯ್ತು. ಯಾರೂ ನಮ್ಮನ್ನ ಎಬ್ಬಿಸದ ಜಾಗ ಒಂದು ಸಿಗ್ಲಿ, ಒಂದೇ ಒಂದು ಮೊಳೆ ಹೊಡೀತೀನಿ" ಎನ್ನುತ್ತಾರೆ. ಸುತ್ತಿಗೆಯನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ. "ತುಕ್ಕು ಹಿಡಿಯೋಕೆ ಬಿಟ್ಟಿಲ್ಲ, ನೋಡಿ."