ಐದು ಮೂಲೆ ಹೊಲ

ಹೊಳವನಹಳ್ಳಿಯಲ್ಲಿ ಬಸ್ಸಿಳಿದು ಒಳದಾರಿ ಹಿಡಿದರೆ ಸಿಗುವ ಊರಿನ ಶಾಲೆಯಲ್ಲಿ ಹಾಲೇಶ್ ಮೇಷ್ಟ್ರು ಎಂದರೆ ಮೊದಲು ಸದ್ದು. ಪಕ್ಕದ ಆರನೇ ಕ್ಲಾಸಿನವರಿಗೂ ಎಂಟನೇ ಕ್ಲಾಸಿನ ಗಣಿತ ಬಾಯಿಪಾಠ ಆಗುವಷ್ಟು ಸದ್ದು. ರಟ್ಟು ಕತ್ತರಿಸು, ಹಗ್ಗ ಎಳೆ, ಅಂಗಳದ ತುಂಬ ಸುಣ್ಣದ ಗೆರೆ ಹಾಕು, ಇದೇ ಅವರ ಪಾಠ. ಸೂತ್ರ ಬಾಯಲ್ಲಿ ಹೇಳಿದರೆ ಗಿಣಿಪಾಠ, ಕೈಯಾರೆ ಮಾಡಿದರೆ ಸಾಯೋತನಕ ಮರೆಯೋದಿಲ್ಲ ಎನ್ನುವುದು ಅವರ ಜಂಬ. ಜಂಬ ಇದ್ದರೇನಂತೆ, ಮಕ್ಕಳು ಕಲಿಯುತ್ತಿದ್ದರಲ್ಲ!

ಈ ವರ್ಷ ಆ ಸದ್ದು ಇರಲಿಲ್ಲ. ಯುಗಾದಿಗೆ ಒಬ್ಬಟ್ಟು ತಟ್ಟಿದ ಹೆಂಡತಿ ಲೋಹಿತಾ ಅದೇ ವಾರ ಜ್ವರ ಎಂದು ಮಲಗಿದಳು. ತಾನೇ ನಡೆದು ಕಾರು ಹತ್ತಿ ತುಮಕೂರಿನ ಆಸ್ಪತ್ರೆಗೆ ಹೋದವಳನ್ನು ಆಂಬುಲೆನ್ಸಿನಲ್ಲಿ ವಾಪಸು ತಂದರು. ಊರೆಲ್ಲ ಅತ್ತಿತು. ಅಳಬೇಕಾದ ಮೇಷ್ಟ್ರು ಮಾತ್ರ ಬಂದವರಿಗೆ ಕುರ್ಚಿ ಹಾಕಿದರು, ಶಾಮಿಯಾನದವನಿಗೆ ಗೂಟ ಹೊಡೆಯುವ ಜಾಗ ತೋರಿಸಿದರು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ದಿನ ಎಲ್ಲರಿಗಿಂತ ಮೊದಲು ಬಂದು ಕೂತವರೂ ಅವರೇ.

ದುಃಖ ಎನ್ನುವುದಾದರೂ ಬಂದಿದ್ದರೆ ಒಂದು ರೀತಿ ಸರಿಯಿರುತ್ತಿತ್ತು. ಏನೂ ಬರಲಿಲ್ಲ. ಹಲ್ಲು ಕೀಳಿಸುವಾಗ ಸೂಜಿ ಚುಚ್ಚಿದ ದವಡೆಯ ಹಾಗೆ, ಮುಟ್ಟಿ ನೋಡಿದರೆ ಇದೆ, ಆದರೆ ತನ್ನದಲ್ಲ. ಒಂದು ರಾತ್ರಿ ಅವರ ತಾಯಿ ಶಿವರುದ್ರಮ್ಮ ಸಾರಿಗೆ ಉಪ್ಪು ಹಾಕುವುದನ್ನೇ ಮರೆತರು. ಮಗ ಮುದ್ದೆ ಮುರಿದು ಸೊಲ್ಲೆತ್ತದೆ ಉಂಡು ಎದ್ದ. ಆಮೇಲೆ ತಾವು ಉಣ್ಣಲು ಕೂತ ಶಿವರುದ್ರಮ್ಮ ಮೊದಲ ತುತ್ತಿಗೇ ಹಣೆ ಚಚ್ಚಿಕೊಂಡರು.

"ಅಯ್ಯೋ ಶಿವನೇ, ಉಪ್ಪಿಲ್ದಿದ್ದೂ ತಿಳೀಲಿಲ್ವೇನೋ ನಿಂಗೆ! ಒಂದ್ಸಲ ಅತ್ತುಬುಡಪ್ಪ. ಗಂಡಸು ಅಂತ ನಾಚ್ಕೋಬ್ಯಾಡ."

"ಬರ್ತಾ ಇಲ್ಲ ಕಣವ್ವ," ಎಂದರು ಮೇಷ್ಟ್ರು. ಸುಳ್ಳಲ್ಲ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಪ್ರಯತ್ನ ಮಾಡಿಯೂ ನೋಡಿದ್ದರು. ಗಂಟಲಿನಿಂದ ಕೆಮ್ಮು ಬಂದಿತ್ತು, ಅಷ್ಟೇ.

ಕ್ಲಾಸಿನಲ್ಲೂ ಅದೇ ಕಥೆ. ಬೋರ್ಡಿನ ಮೇಲೆ ಸೂತ್ರ ಬರೆಯುವರು, ಮಕ್ಕಳು ಇಳಿಸಿಕೊಳ್ಳುವರು, ಬೆಲ್ ಹೊಡೆಯುವುದು. ದಸರಾ ರಜೆಯ ನಂತರದ ಕಿರುಪರೀಕ್ಷೆಯಲ್ಲಿ ಬಹುಭುಜಾಕೃತಿಯ ವಿಸ್ತೀರ್ಣದ ಲೆಕ್ಕಕ್ಕೆ ಅರ್ಧ ಕ್ಲಾಸು ಕೈಯೇ ಹಾಕಲಿಲ್ಲ. ಮುಖ್ಯೋಪಾಧ್ಯಾಯಿನಿ ಮಹಾಲಕ್ಷ್ಮಮ್ಮ ಮೇಷ್ಟ್ರನ್ನು ಒಳಗೆ ಕರೆಸಿಕೊಂಡರು. ಒಳ್ಳೆಯ ಹೆಂಗಸು, ಬಾಯಿ ಮಾತ್ರ ನೇರ.

"ನಿಮ್ಮ ಕಷ್ಟ ನಂಗೆ ಗೊತ್ತಿಲ್ವಾ ಹಾಲೇಶ್? ಆದ್ರೆ ಮಕ್ಕಳ ಮನೆಯವರು ಬಂದು ಕೇಳ್ತಿದಾರೆ. ಈ ಪಾಠ ಒಂದ್ಸಲ ಮೊದಲಿನ ಹಾಗೆ ಹೊರಗೆ ಕರ್ಕೊಂಡ್ಹೋಗಿ ಮಾಡಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಎಂಟನೇ ಕ್ಲಾಸು ಸೈನ್ಸ್ ಮೇಡಂ ನೋಡ್ಕೋತಾರೆ. ನೀವು ಬಿಸಿಯೂಟದ ಲೆಕ್ಕ ಬರ್ಕೊಂಡು ಆರಾಮಾಗಿರಿ."

ಆರಾಮು! ಮೇಷ್ಟ್ರಿಗೆ ಅಷ್ಟು ತಿಂಗಳಲ್ಲಿ ಮೊದಲ ಬಾರಿ ಒಂದು ಹೆದರಿಕೆ ಹುಟ್ಟಿತು. ಮನೆಯಲ್ಲಿ ತಾನು ಇದ್ದೂ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕ್ಲಾಸಿನಲ್ಲೂ ಇಲ್ಲವೆಂದಾದರೆ ಇನ್ನು ಎಲ್ಲಿಯೂ ಇಲ್ಲ. "ಮಾಡ್ತೀನಿ ಮೇಡಂ," ಎಂದು ಹೊರಗೆ ಬಂದರು.

ಮಾಡುವುದು ಎಲ್ಲಿ? ಶಾಲೆಯ ಬಯಲಲ್ಲಿ ಹೊಸ ಕೊಠಡಿಗೆಂದು ಜಲ್ಲಿ, ಮರಳು ಸುರಿದಿದ್ದರು. ಸುತ್ತಲ ಹೊಲಗಳಲ್ಲಿ ತೊಗರಿ ನಿಂತಿತ್ತು. ಬರಿದಾಗಿ ಬಿದ್ದಿದ್ದು ಒಂದೇ ಹೊಲ, ಕಾಂಪೌಂಡಿನ ಹಿಂದಿನದು, ಮೇಷ್ಟ್ರದೇ. ಈ ವರ್ಷ ಅವರು ಬಿತ್ತಿರಲಿಲ್ಲ. ಅದಕ್ಕೆ ಐದು ಮೂಲೆ. ಪ್ರತಿ ವರ್ಷ ಈ ಪಾಠ ನಡೆಯುತ್ತಿದ್ದುದೇ ಅಲ್ಲಿ. ಆಚೆ ಬದುವಿನ ಹೊಂಗೆಮರದ ಕೆಳಗೆ ಲೋಹಿತಾ ಮಜ್ಜಿಗೆ ಬಿಂದಿಗೆ ಇಟ್ಟುಕೊಂಡು, ಕಾಲು ಮಡಚಿ, ಅಳತೆ ಮುಗಿಯಲೆಂದು ಕಾಯುತ್ತಾ ಕೂತಿರುತ್ತಿದ್ದಳು. "ಮನೇಲಿ ಉಪ್ಪಿನ ಡಬ್ಬ ಎಲ್ಲೈತೆ ಅಂತ ಗೊತ್ತಿಲ್ಲ ನಿಮ್ಮೇಷ್ಟ್ರಿಗೆ, ಹೊಲ ಅಳೀತಾರಂತೆ ಹೊಲ!" ಎನ್ನುವಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಅವಳನ್ನು ಮಣ್ಣು ಮಾಡಿದ್ದೂ ಅದೇ ಹೊಂಗೆಮರದ ಕೆಳಗೆ. ಅವತ್ತಿನಿಂದ ಮೇಷ್ಟ್ರು ಆ ಹೊಲಕ್ಕೆ ಕಾಲಿಟ್ಟಿರಲಿಲ್ಲ. ಸಮಾಧಿಗೆ ಕಟ್ಟೆ ಕಟ್ಟಿಸು ಎಂದು ಅವ್ವ ಹೇಳಿದಾಗಲೆಲ್ಲ ಹೂಂ ಎಂದು ಸುಮ್ಮನಾಗುತ್ತಿದ್ದರು.

ಮರುದಿನ ಮೂರನೇ ಪಿರಿಯಡ್ಡಿಗೆ ಮಕ್ಕಳು ಹೊಲದಲ್ಲಿದ್ದರು. ಮೀಟರಿಗೊಂದು ಗಂಟು ಹಾಕಿದ ಹಗ್ಗ, ನೆಡಲು ಕಡ್ಡಿ, ಡಬ್ಬದಲ್ಲಿ ಸುಣ್ಣದ ಪುಡಿ. ಮೇಷ್ಟ್ರ ಬಾಯಿ ತನ್ನ ಪಾಡಿಗೆ ತಾನು ಪಾಠ ಹೇಳುತ್ತಿತ್ತು.

"ಐದು ಮೂಲೆಗೆ ನೇರ ಸೂತ್ರ ಇಲ್ಲ. ಗೊತ್ತಿಲ್ಲದ್ದನ್ನ ಗೊತ್ತಿರೋ ತುಂಡುಗಳಾಗಿ ಒಡ್ಕೋಬೇಕು. ಈ ಮೂಲೆಯಿಂದ ಎದುರಿನ ಎರಡು ಮೂಲೆಗೆ ಗೆರೆ ಹಾಕಿ. ಎಷ್ಟು ತ್ರಿಭುಜ ಆಯ್ತು?"

"ಮೂರು ಸಾರ್!"

"ಪಾದ ಅಳೀರಿ, ಎತ್ತರ ಅಳೀರಿ. ಗುಣಿಸಿ ಅರ್ಧ ಮಾಡಿ."

ಮೊದಲ ತ್ರಿಭುಜದೊಳಗೆ ಹಳೆಯ ಚೌಕ ಬಾವಿ ಇತ್ತು. ಅದನ್ನು ಬೇರೆ ಅಳೆದು ಕಳೆಯಬೇಕು. "ಬಾವಿ ಒಳಗೆ ರಾಗಿ ಬೆಳೆಯಕ್ಕಾಗ್ತದಾ?" ಎಂದು ಪ್ರತಿ ವರ್ಷದ ಮಾತನ್ನೇ ಆಡಿದರು. ಮಕ್ಕಳು ನಕ್ಕರು. ಮೇಷ್ಟ್ರಿಗೆ ನಗಬೇಕೆಂದು ನೆನಪಾಗಲಿಲ್ಲ.

ಎರಡನೆಯದು ನಡುವಿನ ತ್ರಿಭುಜ. ಅದರ ಎತ್ತರದ ಹಗ್ಗ ಈಚೆ ಮೂಲೆಯಿಂದ ಹೊರಟು ಆಚೆ ಬದುವಿನ ಹೊಂಗೆಮರದ ಬುಡಕ್ಕೇ ಹೋಗಬೇಕು. ಆ ಕಡೆ ಹೋಗಲು ಮಕ್ಕಳೆಲ್ಲ ಹಿಂಜರಿದರು. ಹಗ್ಗದ ತುದಿ ಹಿಡಿದು ಸರಸರ ನಡೆದವಳು ಪ್ರಿಯಾಂಕ ಒಬ್ಬಳೇ. ಪಾವಗಡದ ಬಲಸಮುದ್ರದಿಂದ ಈ ವರ್ಷವಷ್ಟೇ ಬಂದು ಸೇರಿದ ಹುಡುಗಿ, ಅವಳಿಗೇನು ಗೊತ್ತು? ಹುಲ್ಲು ಮುಚ್ಚಿದ ಮಣ್ಣಿನ ಗುಡ್ಡೆಯ ಪಕ್ಕ ನಿಂತು ಕೂಗಿದಳು:

"ಸಾರ್, ಇಲ್ಲೊಂದು ಗುಡ್ಡೆ ಐತೆ. ಬಾವಿ ಥರ ಇದ್ನೂ ಕಳೀಬೇಕಾ?"

ಹಿಂದೆ ಓಡಿಬಂದ ಅಂಜನ್ ಕುಮಾರ್ ಅವಳ ತೋಳು ಜಿಗುಟಿದ. "ಸುಮ್ಕಿರೇ, ಅದು ಸಮಾಧಿ ಕಣೆ."

"ಸಮಾಧೀನಾ? ಇಷ್ಟು ಸಣ್ದು?" ಪ್ರಿಯಾಂಕ ಬಗ್ಗಿ ನೋಡಿದಳು. ಅವರ ಮನೆಯವರಲ್ಲಿ ಹೂಳುವುದು ಮಲಗಿಸಿ, ಅವಳು ಕಂಡ ಗುಡ್ಡೆಗಳೆಲ್ಲ ಉದ್ದ. "ಯಾವ್ದೋ ಮಗೂದಾ ಸಾರ್?"

"ಮೇಷ್ಟ್ರ ಮನೇವ್ರುದು ಕಣೆ," ಎಂದು ಅಂಜನ್ ಪಿಸುಗುಟ್ಟಿದ. ಹುಡುಗಿಯ ಮುಖ ಬಿಳಿಚಿಕೊಂಡಿತು. ಗಾಬರಿಯಾದರೆ ಅವಳ ಬಾಯಿಗೆ ತೆಲುಗೇ ಬರುತ್ತಿತ್ತು. "ತಪ್ಪಾಯ್ತು ಸಾರ್, ನಾಕು ತೆಲೀದು, ನಂಗೊತ್ತಿರ್ಲಿಲ್ಲ."

ಮೇಷ್ಟ್ರು ಹಗ್ಗದ ಗುಂಟ ನಡೆದು ಬಂದರು. ಮಕ್ಕಳು ಕೇಳಿದ್ದಕ್ಕೆ ಉತ್ತರ ಹೇಳುವುದು ರೂಢಿ.

"ಮಗೂದಲ್ಲ ಕಣಮ್ಮ. ನಮ್ಮಲ್ಲಿ ಮಲಗ್ಸಲ್ಲ. ಕಾಲು ಮಡಚಿ ಕೂರಿಸ್ತೀವಿ. ಅದಕ್ಕೇ ಜಾಗ ಚೌಕ ಬರ್ತದೆ, ಕಮ್ಮಿ ಸಾಕು. ಅವ್ಳು ಇಲ್ಲಿ..."

ಕೂರಿಸಿದ್ದನ್ನು ಅವರು ಕಣ್ಣಾರೆ ಕಂಡಿದ್ದರು, ವಿಭೂತಿ ಹಾಕಿದ್ದರು, ಹಿಡಿ ಮಣ್ಣನ್ನೂ ಹಾಕಿದ್ದರು. ಆದರೂ ಬಾಯಿ ಬಿಟ್ಟು ಇನ್ನೊಬ್ಬರಿಗೆ ಹೇಳುವ ತನಕ ಅದು ಅವರಿಗೆ ಕಂಡಿರಲಿಲ್ಲ. ಅದೇ ಮರದ ಕೆಳಗೆ, ಅದೇ ಥರ ಕಾಲು ಮಡಚಿಕೊಂಡು.

"ಕೂತವ್ಳೆ," ಎಂದರು. "ಅವತ್ತಿಂದ ಕೂತೇ ಅವ್ಳೆ. ನಾನೇ ಬರ್ಲಿಲ್ಲ."

ಯುಗಾದಿಯಿಂದ ಬಾರದೇ ಇದ್ದದ್ದು ಆಗ ಬಂತು. ಸದ್ದು ಮಾಡಿ ಬಂತು. ಮೇಷ್ಟ್ರು ಹುಲ್ಲಿನ ಮೇಲೆ ಕುಕ್ಕರಿಸಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು. ಮೇಷ್ಟ್ರು ಅಳುವುದನ್ನು ಆ ಮಕ್ಕಳು ಕಂಡವರಲ್ಲ. ಓಡಬೇಕೋ ನಿಲ್ಲಬೇಕೋ ತಿಳಿಯದೆ ಹಗ್ಗ ಹಿಡಿದವರು ಹಿಡಿದಂತೆಯೇ ನಿಂತರು. ಸದ್ದು ಕೇಳಿ ಕಾಂಪೌಂಡಿನ ತನಕ ಬಂದ ಮಹಾಲಕ್ಷ್ಮಮ್ಮ ಅಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಈಚೆಗೆ ಬರಲಿಲ್ಲ.

ಬಿಕ್ಕಳಿಕೆ ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಇದ್ನ ಕಳೀಬ್ಯಾಡ ಕಣಮ್ಮ," ಎಂದರು ಕೊನೆಗೆ. "ಬಾವಿ ಕಳೆದ್ರಲ್ಲ, ಸಾಕು."

ಅಂಜನ್ ಬಾಯಿ ಸುಮ್ಮನಿರಲಿಲ್ಲ. "ಅಲ್ಲೂ ರಾಗಿ ಬೆಳ್ಯಲ್ವಲ್ಲ ಸಾರ್?"

"ಬೆಳೀದಿದ್ರೆ ಬ್ಯಾಡ ಕಣ್ಲಾ. ಅದು ಹೊಲದ್ದೇ. ಹೊಲದ ಲೆಕ್ಕದಲ್ಲೇ ಇರ್ಲಿ."

ಎತ್ತಿ ಹಿಡಿದ ಪ್ರಿಯಾಂಕಳ ಕೈ ಸೋತಿತ್ತು. "ಸಾರ್, ಹಗ್ಗ ಬುಟ್ಬುಡ್ಲಾ?"

ಮೇಷ್ಟ್ರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಎದ್ದರು.

"ಬುಡಬ್ಯಾಡ! ಗಟ್ಟಿಯಾಗಿ ಹಿಡ್ಕೊ, ಗಂಟು ಎಣ್ಸು. ಇನ್ನೂ ಒಂದು ತ್ರಿಭುಜ ಐತೆ!"

ಒಡೆದ ಗಂಟಲಿನ ಆ ಕೂಗು ಆರನೇ ಕ್ಲಾಸಿನ ತನಕ ಕೇಳಿಸಿತು.